ಹೊಟ್ಟೆಯೊಳಗಿನ ಮಗು ಬೆಳೀತಿಲ್ಲ ಅಂತ ತಾಯಿಯ ರಕ್ತ ಮೊದಲೇ ಹೇಳುತ್ತಾ?

(ಪಾಡ್‌ಕಾಸ್ಟ್ ಕಂತಿನ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ಇವತ್ತು ಒಂದು ಲ್ಯಾಬ್ ರಿಪೋರ್ಟ್ ಬಗ್ಗೆ ಮಾತಾಡೋಣ. ನಿಮಗೋ, ನಿಮ್ಮ ಅಕ್ಕನಿಗೋ, ಆಫೀಸಿನ ಗೆಳತಿಗೋ ಇದು ಬಂದಿರುತ್ತೆ. ಬರದಿದ್ದರೆ ಇನ್ನೊಂದೆರಡು ವರ್ಷದಲ್ಲಿ ಬರುತ್ತೆ.

ಬಸಿರಿನ ಮೂರನೇ ತಿಂಗಳು, 11ರಿಂದ 13 ವಾರದ ಹೊತ್ತಿಗೆ, ಎನ್‌ಟಿ ಸ್ಕ್ಯಾನ್ ಮಾಡ್ತಾರೆ. ಅದರ ಜೊತೆ ಡಬಲ್ ಮಾರ್ಕರ್ ಅಂತ ಒಂದು ರಕ್ತಪರೀಕ್ಷೆ ಬರೀತಾರೆ. ಮಗುವಿಗೆ ಡೌನ್ ಸಿಂಡ್ರೋಮ್ ಇರೋ ಸಾಧ್ಯತೆ ಎಷ್ಟು ಅಂತ ಲೆಕ್ಕ ಹಾಕೋಕೆ ಇದು. ಎರಡು ದಿನ ಬಿಟ್ಟು ವಾಟ್ಸಾಪ್‌ಗೆ ಪಿಡಿಎಫ್ ಬರುತ್ತೆ. ದೊಡ್ಡ ಅಕ್ಷರದಲ್ಲಿ 'ಲೋ ರಿಸ್ಕ್' ಅಂತ ಇರುತ್ತೆ. ಗಂಡ ಹೆಂಡತಿ ಇಬ್ಬರೂ ಉಸಿರು ಬಿಡ್ತಾರೆ. ಆಮೇಲೆ ರಾತ್ರಿ ಹನ್ನೊಂದು ಗಂಟೆಗೆ ಯಾರೋ ಒಬ್ಬರು ಅದೇ ಪಿಡಿಎಫ್ ಮತ್ತೆ ತೆಗೀತಾರೆ. ಕೆಳಗೆ ಚಿಕ್ಕ ಅಕ್ಷರದಲ್ಲಿ ಒಂದು ಸಾಲು: ಪ್ಯಾಪ್-ಎ, 0.35 ಎಂಒಎಂ. ಪಕ್ಕದಲ್ಲಿ ಕೆಳಮುಖ ಬಾಣ. ಗೂಗಲ್ ಮಾಡ್ತಾರೆ. ಮೊದಲ ಪುಟದಲ್ಲೇ ಮಗುವಿನ ಬೆಳವಣಿಗೆ ಕುಂಠಿತ, ಹೊಟ್ಟೆಯಲ್ಲೇ ಸಾವು, ಅವಧಿಗೆ ಮೊದಲೇ ಹೆರಿಗೆ ಅಂತೆಲ್ಲ ಬರುತ್ತೆ. ಅವತ್ತು ರಾತ್ರಿ ಆ ಮನೆಯಲ್ಲಿ ಯಾರಿಗೂ ನಿದ್ದೆ ಬರೋದಿಲ್ಲ.

ಆ ಒಂದು ಸಾಲು ಏನು ಹೇಳುತ್ತೆ, ಏನು ಹೇಳೋದಿಲ್ಲ, ಅದೇ ಇವತ್ತಿನ ಕಂತು.

ಮೊದಲು ಒಂದು ವಿಷಯ ಬಿಡಿಸ್ಕೊಳ್ಳೋಣ. ಚಿಕ್ಕ ಮಗು ಬೇರೆ, ಬೆಳವಣಿಗೆ ತಡೆದು ನಿಂತ ಮಗು ಬೇರೆ. ಗದ್ದೆ ನೋಡಿದವರಿಗೆ ಇದು ಬೇಗ ಅರ್ಥ ಆಗುತ್ತೆ. ಗಿಡ್ಡ ತಳಿಯ ಭತ್ತ ಇರುತ್ತೆ, ಎತ್ತರ ಬೆಳೆಯೋದು ಅದರ ಜಾತಿಯಲ್ಲೇ ಇಲ್ಲ, ಆದರೆ ತೆನೆ ತುಂಬಿರುತ್ತೆ. ಇನ್ನೊಂದು, ಎತ್ತರ ಬೆಳೀಬೇಕಾದ ತಳಿಯೇ, ಕಾಲುವೆ ನೀರು ಸರಿಯಾಗಿ ಬರದೆ ಗಿಡ್ಡವಾಗಿ ನಿಂತದ್ದು. ದೂರದಿಂದ ನೋಡಿದರೆ ಎರಡೂ ಒಂದೇ ಥರ. ಹೊಟ್ಟೆಯೊಳಗಿನ ಮಗುವಿನ ಅಂದಾಜು ತೂಕ ಅದೇ ವಾರದ ನೂರು ಮಕ್ಕಳಲ್ಲಿ ಕೊನೆಯ ಹತ್ತರೊಳಗೆ ಬಂದರೆ 'ವಾರಕ್ಕೆ ತಕ್ಕಷ್ಟಿಲ್ಲ' ಅಂತಾರೆ. ಇವರಲ್ಲಿ ಬಹಳಷ್ಟು ಮಕ್ಕಳು ಗಿಡ್ಡ ತಳಿ. ಅಪ್ಪ ಅಮ್ಮ ಸಣ್ಣಗಿದ್ದಾರೆ, ಮಗುವೂ ಸಣ್ಣಗಿದೆ, ಆರೋಗ್ಯವಾಗಿದೆ. ಉಳಿದ ಕೆಲವರಿಗೆ ಮಾತ್ರ ನೀರು ಸಾಲ್ತಿಲ್ಲ. ಅಪಾಯ ಇರೋದು ಅವರಿಗೆ.

2016ರಲ್ಲಿ ಹಲವು ದೇಶಗಳ ತಜ್ಞರು ಸೇರಿ ಇದಕ್ಕೊಂದು ವ್ಯಾಖ್ಯೆ ಒಪ್ಪಿಕೊಂಡರು. ತೂಕ ಅಥವಾ ಹೊಟ್ಟೆಯ ಸುತ್ತಳತೆ ಕೊನೆಯ ಮೂರರೊಳಗೆ ಇದ್ದರೆ ಅದೊಂದೇ ಸಾಕು. ಮೂರಕ್ಕೂ ಹತ್ತಕ್ಕೂ ನಡುವೆ ಇದ್ದರೆ ರಕ್ತದ ಹರಿವಿನ ತೊಂದರೆಯಂಥ ಇನ್ನೊಂದು ಸುಳಿವೂ ಬೇಕು. ಅಂದರೆ ಬರೀ ಅಳತೆ ಟೇಪಿನಿಂದ ಇದನ್ನ ನಿರ್ಧರಿಸೋಕೆ ಆಗಲ್ಲ ಅಂತ ಅವರೇ ಒಪ್ಪಿಕೊಂಡ ಹಾಗಾಯ್ತು. ರಕ್ತದಲ್ಲಿ ಏನಾದರೂ ಸುಳಿವು ಸಿಗುತ್ತಾ ಅಂತ ಹುಡುಕೋದು ಇದಕ್ಕೇ.

ಸುಳಿವು ಬರೋದು ಎಲ್ಲಿಂದ? ಮಾಸಿನಿಂದ. ಪುಸ್ತಕದಲ್ಲಿ ಜರಾಯು ಅಂತಾರೆ, ಡಾಕ್ಟರು ಪ್ಲಸೆಂಟಾ ಅಂತಾರೆ, ಊರಲ್ಲಿ ಅಜ್ಜಿಯರು ಮಾಸು ಅಂತಾರೆ. ಮಗುವಿಗೆ ಊಟ ಸಾಗಿಸೋ ಪೈಪು ಅಷ್ಟೇ ಅಂತ ನಾವು ಅಂದ್ಕೊಂಡಿರ್ತೀವಿ. ನಿಜವಾಗಿ ಅದೊಂದು ದೊಡ್ಡ ಹಾರ್ಮೋನ್ ಕಾರ್ಖಾನೆ. ಮನೆಯಲ್ಲೇ ಮಾಡೋ ಪ್ರೆಗ್ನೆನ್ಸಿ ಕಿಟ್‌ನಲ್ಲಿ ಎರಡು ಗೆರೆ ಬರುತ್ತಲ್ಲ, ಅದು ಎಚ್‌ಸಿಜಿ ಅನ್ನೋ ಹಾರ್ಮೋನ್. ಅದನ್ನ ಮಾಡೋದು ಮುಂದೆ ಮಾಸಾಗಿ ಬೆಳೆಯೋ ಜೀವಕೋಶಗಳು. ಮಗುವಿನ ಕಡೆಯಿಂದ ತಾಯಿಗೆ ಬರೋ ಮೊದಲ ಮೆಸೇಜ್ ಅದೇ ಅನ್ನಿ.

ಈಗ ಪ್ಯಾಪ್-ಎ. ಸಡಿಲವಾಗಿ ಇದನ್ನೂ ಹಾರ್ಮೋನ್ ಪಟ್ಟಿಗೆ ಸೇರಿಸ್ತಾರೆ, ಆದರೆ ಇದು ಕಿಣ್ವ, ಎನ್‌ಜೈಮ್. 1974ರಲ್ಲಿ ಬಸುರಿಯರ ರಕ್ತದಲ್ಲಿ ಸಿಕ್ಕಿತು. ಕಾಲು ಶತಮಾನ ಅದು ಏನು ಕೆಲಸ ಮಾಡುತ್ತೆ ಅಂತಲೇ ಯಾರಿಗೂ ಗೊತ್ತಿರಲಿಲ್ಲ. 1999ರಲ್ಲಿ ಗೊತ್ತಾಯ್ತು: ಅದೊಂದು ಕತ್ತರಿ.

ಏನನ್ನ ಕತ್ತರಿಸುತ್ತೆ? ಇಲ್ಲಿ ಒಂದು ಮಜಾ ವಿಷಯ ಇದೆ. ನಾವು ಹುಟ್ಟಿದ ಮೇಲೆ ಎತ್ತರ ಬೆಳೆಯೋದು ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಗ್ರೋತ್ ಹಾರ್ಮೋನ್‌ನಿಂದ. ಹೊಟ್ಟೆಯೊಳಗೆ ಅದಕ್ಕೆ ಹೆಚ್ಚು ಕೆಲಸ ಇಲ್ಲ. ಹುಟ್ಟಾ ಗ್ರೋತ್ ಹಾರ್ಮೋನ್ ಇಲ್ಲದ ಮಕ್ಕಳೂ ಹೆಚ್ಚುಕಡಿಮೆ ಮಾಮೂಲಿ ಗಾತ್ರದಲ್ಲೇ ಹುಟ್ತಾರೆ. ಅಲ್ಲಿ ಬೆಳವಣಿಗೆ ನಡೆಸೋದು ಇನ್ಸುಲಿನ್, ಮತ್ತೆ ಇನ್ಸುಲಿನ್‌ನ ದಾಯಾದಿಗಳಾದ ಐಜಿಎಫ್-1, ಐಜಿಎಫ್-2. ತಾಯಿಗೆ ಶುಗರ್ ಇದ್ದರೆ ಮಗು ದಪ್ಪ ಹುಟ್ಟೋದು ಇದಕ್ಕೇ. ತಾಯಿಯ ಸಕ್ಕರೆ ದಾಟಿ ಬರುತ್ತೆ, ಮಗು ತನ್ನದೇ ಇನ್ಸುಲಿನ್ ಹೆಚ್ಚು ಮಾಡುತ್ತೆ, ಮೈ ತುಂಬುತ್ತೆ. ಇದರ ಉಲ್ಟಾ ಉದಾಹರಣೆಯೂ ಇದೆ. ಐಜಿಎಫ್-1ರ ಜೀನ್ ಕೆಟ್ಟಿದ್ದ ಒಬ್ಬ ಹುಡುಗನ ವರದಿ 1996ರಲ್ಲಿ ಬಂತು. ಹೊಟ್ಟೆಯಲ್ಲಿರುವಾಗಲೇ ಅವನ ಬೆಳವಣಿಗೆ ತೀರಾ ಕುಂಠಿತವಾಗಿತ್ತು.

ಈ ಐಜಿಎಫ್ ರಕ್ತದಲ್ಲಿ ಸುಮ್ಮನೆ ಓಡಾಡಿಕೊಂಡು ಇರೋದಿಲ್ಲ. ಹಿಡಿದು ಕಟ್ಟಿಹಾಕೋ ಪ್ರೋಟೀನ್‌ಗಳಿರ್ತವೆ. ಗೂಟಕ್ಕೆ ಕಟ್ಟಿದ ಎತ್ತಿನ ಥರ, ಇದೆ ಆದರೆ ಗೇಯೋದಿಲ್ಲ. ಪ್ಯಾಪ್-ಎ ಬಂದು ಹಗ್ಗ ಕತ್ತರಿಸುತ್ತೆ. ಆಗ ಐಜಿಎಫ್ ಬಿಡುಗಡೆಯಾಗಿ ಮಾಸಿನ ಜೀವಕೋಶಗಳಿಗೆ ಬೆಳೀರಿ, ಗರ್ಭಕೋಶದ ಗೋಡೆಯೊಳಗೆ ಇಳೀರಿ ಅನ್ನುತ್ತೆ. ಮೂರನೇ ತಿಂಗಳಲ್ಲಿ ಪ್ಯಾಪ್-ಎ ತುಂಬಾ ಕಡಿಮೆ ಇದ್ದರೆ, ಮಾಸು ಬೇರು ಬಿಡೋದು ಸ್ವಲ್ಪ ಹಿಂದೆ ಬಿದ್ದಿರಬಹುದು ಅನ್ನೋ ಅನುಮಾನ ಹುಟ್ಟೋದು ಇಲ್ಲಿಂದ. 2002 ಮತ್ತು 2004ರಲ್ಲಿ ಗಾರ್ಡನ್ ಸ್ಮಿತ್ ಮತ್ತು ಸಹೋದ್ಯೋಗಿಗಳು ಸ್ಕಾಟ್‌ಲೆಂಡಿನ ಸಾವಿರಾರು ಬಸುರಿಯರ ಮಾಹಿತಿ ಇಟ್ಟುಕೊಂಡು ಇದನ್ನ ತೋರಿಸಿದರು. ಮೊದಲ ಮೂರು ತಿಂಗಳ ರಕ್ತದಲ್ಲಿ ಪ್ಯಾಪ್-ಎ ಕಡಿಮೆ ಇದ್ದವರಲ್ಲಿ ಆರು ತಿಂಗಳ ನಂತರದ ತೊಂದರೆಗಳು ಹೆಚ್ಚು. ಯೋಚನೆ ಮಾಡಿ, ಮಗು ಇನ್ನೂ ಬೆರಳುದ್ದ ಇರುವಾಗಲೇ ಕೊನೆಯ ತಿಂಗಳುಗಳ ಕಥೆಗೆ ಪೀಠಿಕೆ ಬರೆದಾಗಿರುತ್ತೆ.

ಸರಿ, ಹಾಗಾದರೆ 0.35 ಅಂದರೆ ಗಾಬರಿ ಪಡಬೇಕಾ?

ಎಂಒಎಂ ಅಂದರೆ ಸರಳವಾಗಿ ಇಷ್ಟು: ಅದೇ ದಿನ ತುಂಬಿದ ಬಸುರಿಯರನ್ನ ಸಾಲಾಗಿ ನಿಲ್ಲಿಸಿದರೆ ನಟ್ಟನಡುವಿನವರದ್ದು 1. ನಿಮ್ಮದು ಅದರ ಎಷ್ಟು ಪಾಲು ಅನ್ನೋದು ಆ ಅಂಕಿ. 0.4ರ ಆಸುಪಾಸಿಗಿಂತ ಕೆಳಗಿದ್ದರೆ ಕಡಿಮೆ ಅಂತ ಲೆಕ್ಕ, ನೂರರಲ್ಲಿ ಸುಮಾರು ಐದು ಜನ ಅಲ್ಲಿ ಬರ್ತಾರೆ. ಈ ಲೆಕ್ಕ ತಪ್ಪೋಕೆ ದಾರಿಗಳು ಬೇಕಾದಷ್ಟಿವೆ. ಪ್ಯಾಪ್-ಎ ಆ ವಾರಗಳಲ್ಲಿ ದಿನೇದಿನೇ ಏರ್ತಾ ಇರುತ್ತೆ. ನಿಮ್ಮ ದಿನದ ಲೆಕ್ಕ ಒಂದು ವಾರ ಮುಂದಿದ್ದರೆ, ಸರಿಯಾಗಿರೋ ಮಟ್ಟವೂ ಕಡಿಮೆ ಅಂತ ಕಾಣುತ್ತೆ. ತಾಯಿಯ ತೂಕ ಹೆಚ್ಚಿದ್ದರೆ ರಕ್ತದ ಪ್ರಮಾಣವೂ ಹೆಚ್ಚು, ಅದರಲ್ಲಿ ಪ್ರೋಟೀನ್ ತೆಳುವಾಗುತ್ತೆ. ಐವಿಎಫ್ ಆಗಿದ್ದರೆ, ಸಿಗರೇಟು ಸೇದ್ತಿದ್ದರೆ, ಅವಳಿ ಇದ್ದರೆ ಎಲ್ಲದಕ್ಕೂ ಬೇರೆ ಬೇರೆ ಹೊಂದಾಣಿಕೆ ಮಾಡಬೇಕು. ರಕ್ತ ಕೊಡುವಾಗ ಲ್ಯಾಬ್‌ನವರು ಫಾರಂ ತುಂಬಿ ಅಂತಾರಲ್ಲ, ಅದರಲ್ಲಿ ತೂಕ ಅಂದಾಜಿಗೆ ಬರೆದು ಬಿಡ್ತೀವಿ. ಬರೀಬೇಡಿ, ಅಲ್ಲೇ ತೂಕದ ಮಷಿನ್ ಮೇಲೆ ನಿಂತು ಬರೀರಿ.

ಇದೆಲ್ಲ ಸರಿ ಇದ್ದು, ನಿಜವಾಗಿಯೂ ಕಡಿಮೆ ಅಂತಲೇ ಇಟ್ಕೊಳ್ಳಿ. ಆಗಲೂ ಬಹುಪಾಲು ತಾಯಂದಿರಿಗೆ ಸರಿಯಾದ ತೂಕದ ಮಗುವೇ ಹುಟ್ಟುತ್ತೆ. ಉಲ್ಟಾನೂ ನಿಜ, ಪ್ಯಾಪ್-ಎ ಚೆನ್ನಾಗಿದ್ದವರಲ್ಲೂ ಬೆಳವಣಿಗೆ ನಿಂತ ಮಕ್ಕಳಿರ್ತಾರೆ. ಹಾಗಾಗಿ ಇದು ಕಾಯಿಲೆಯ ಹೆಸರಲ್ಲ. 'ಈ ಮನೆ ಕಡೆ ಆಗಾಗ ಒಂದು ಕಣ್ಣಿರಲಿ' ಅನ್ನೋ ಚೀಟಿ. ಬ್ರಿಟನ್‌ನ ಪ್ರಸೂತಿ ತಜ್ಞರ ಸಂಸ್ಥೆ ಇದನ್ನ ದೊಡ್ಡ ಅಪಾಯ ಸೂಚಕಗಳ ಪಟ್ಟಿಯಲ್ಲಿ ಇಟ್ಟು, ಅಂಥವರಿಗೆ ಮುಂದೆ ಮತ್ತೆ ಮತ್ತೆ ಗ್ರೋತ್ ಸ್ಕ್ಯಾನ್ ಮಾಡಿ ಅಂತ ಹೇಳಿದೆ. ನೀವು ಡಾಕ್ಟರ್ ಹತ್ತಿರ ಕೇಳಬೇಕಾದ್ದೂ ಅದನ್ನೇ: "ಪ್ಯಾಪ್-ಎ ಕಡಿಮೆ ಬಂದಿದೆಯಲ್ಲ ಮೇಡಂ, ನನಗೆ ಗ್ರೋತ್ ಸ್ಕ್ಯಾನ್ ಯಾವ ಯಾವ ವಾರಕ್ಕೆ?"

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗ್ತೀನಿ, ಯಾಕೆಂದರೆ ಹಾರ್ಮೋನ್ ನೋಡಿ ಮಗುವಿನ ಯೋಗಕ್ಷೇಮ ಹೇಳ್ತೀವಿ ಅಂತ ಹೊರಟದ್ದು ಇದೇ ಮೊದಲಲ್ಲ. 1960, 70ರ ದಶಕದಲ್ಲಿ ಯುರೋಪು, ಅಮೆರಿಕದ ಆಸ್ಪತ್ರೆಗಳಲ್ಲಿ ಎಸ್ಟ್ರಿಯಾಲ್ ಪರೀಕ್ಷೆಯ ದೊಡ್ಡ ಭರಾಟೆ ಇತ್ತು. ಬಸುರಿ 24 ಗಂಟೆಯ ಮೂತ್ರ ಪೂರ್ತಿ ಒಂದು ಕ್ಯಾನಿನಲ್ಲಿ ಹಿಡಿದು ಲ್ಯಾಬಿಗೆ ಕೊಡಬೇಕು. ಅದೂ ಒಂದು ದಿನ ಅಲ್ಲ, ಮತ್ತೆ ಮತ್ತೆ.

ಐಡಿಯಾ ಏನೋ ಬಹಳ ಚೆನ್ನಾಗಿತ್ತು. ಎಸ್ಟ್ರಿಯಾಲ್ ತಯಾರಾಗೋಕೆ ಮಗು ಮತ್ತು ಮಾಸು ಇಬ್ಬರೂ ಕೈಜೋಡಿಸಬೇಕು. ಮಗುವಿನ ಅಡ್ರಿನಲ್ ಗ್ರಂಥಿ ಕಚ್ಚಾವಸ್ತು ಮಾಡುತ್ತೆ, ಮಗುವಿನ ಲಿವರ್ ಅದನ್ನ ಸ್ವಲ್ಪ ತಿದ್ದುತ್ತೆ, ಮಾಸು ಅದಕ್ಕೆ ಕೊನೇ ರೂಪ ಕೊಟ್ಟು ತಾಯಿಯ ರಕ್ತಕ್ಕೆ ಬಿಡುತ್ತೆ. ಹಾಗಾದರೆ ತಾಯಿಯ ಮೂತ್ರದಲ್ಲಿ ಎಸ್ಟ್ರಿಯಾಲ್ ಇಳೀತು ಅಂದರೆ ಒಳಗೆ ಏನೋ ಕೆಟ್ಟಿದೆ ಅಂತ ತಾನೇ? ಕಾಗದದ ಮೇಲೆ ಸರಿ. ಆದರೆ ಅದೇ ತಾಯಿಯಲ್ಲಿ ದಿನದಿಂದ ದಿನಕ್ಕೆ ಅಂಕಿ ಮೇಲೆ ಕೆಳಗೆ ಆಗ್ತಿತ್ತು. ತಾಯಿಗೆ ಆಂಪಿಸಿಲಿನ್ ಕೊಟ್ಟರೆ ಇಳೀತಿತ್ತು. ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರೆ ಇಳೀತಿತ್ತು. ಕೆಲವು ಗಂಡುಮಕ್ಕಳಿಗೆ ಹುಟ್ಟಿನಿಂದಲೇ ಒಂದು ಕಿಣ್ವ ಇರೋದಿಲ್ಲ. ಆಮೇಲೆ ಚರ್ಮ ಒಣಗಿ ಹುರುಪೆ ಏಳುತ್ತೆ ಅನ್ನೋದು ಬಿಟ್ಟರೆ ಮಗು ಆರಾಮಾಗಿರುತ್ತೆ. ಆದರೆ ಅಂಥ ಬಸಿರಿನಲ್ಲಿ ಎಸ್ಟ್ರಿಯಾಲ್ ಪಾತಾಳದಲ್ಲಿರುತ್ತೆ! ಕೊನೆಗೆ ಸರಿಯಾದ ಪ್ರಯೋಗ ಮಾಡಿ ನೋಡಿದಾಗ, ಈ ಅಂಕಿ ಡಾಕ್ಟರಿಗೆ ತಿಳಿಸಿದ್ದರಿಂದ ಮಕ್ಕಳ ಸಾವು ಕಡಿಮೆಯಾಗಿದ್ದೇ ಕಾಣಲಿಲ್ಲ. ಅಲ್ಟ್ರಾಸೌಂಡ್ ಬಂತು, ಮಗುವಿನ ಹೃದಯದ ಬಡಿತ ಗೀಚೋ ಮಷಿನ್ ಬಂತು, ಕ್ಯಾನುಗಳು ಮೂಲೆ ಸೇರಿದವು. ಎಸ್ಟ್ರಿಯಾಲ್ ಈಗ ಉಳಿದಿರೋದು ಕ್ವಾಡ್ರಪಲ್ ಮಾರ್ಕರ್ ಪರೀಕ್ಷೆಯ ಒಂದು ಸಾಲಾಗಿ ಮಾತ್ರ.

ಯಾವುದೇ ಹೊಸ ಮಾರ್ಕರ್ ಬಂದಾಗ ನಾನು ಈ ಕ್ಯಾನಿನ ಕಥೆ ನೆನೆಸ್ಕೋತೀನಿ. ಅಂಕಿ ಸಿಕ್ಕಿತು ಅನ್ನೋದು ದೊಡ್ಡದಲ್ಲ. ಆ ಅಂಕಿ ನೋಡಿ ಡಾಕ್ಟರು ಬೇರೆ ಏನಾದರೂ ಮಾಡ್ತಾರಾ, ಮಾಡಿದ್ದರಿಂದ ಮಗುವಿಗೆ ಒಳ್ಳೇದಾಗುತ್ತಾ ಅಂತ ಕೇಳಬೇಕು.

ಈಗಿನ ಹೊಸ ಹೀರೋ ಪಿಎಲ್‌ಜಿಎಫ್, ಅಂದರೆ ಮಾಸಿನ ಬೆಳವಣಿಗೆಯ ಅಂಶ. ರಕ್ತನಾಳಗಳನ್ನ ಆರೋಗ್ಯವಾಗಿ ಇಡೋದು ಇದರ ಕೆಲಸ. ಬಸಿರಿನ ಮೊದಲರ್ಧದಲ್ಲಿ ಮಾಸಿನ ಜೀವಕೋಶಗಳು ಗರ್ಭಕೋಶದ ಸಣ್ಣ ಸುರುಳಿ ರಕ್ತನಾಳಗಳೊಳಗೆ ನುಗ್ಗಿ, ಅವುಗಳನ್ನ ಅಗಲ ಮಾಡಬೇಕು. ಗಲ್ಲಿಯನ್ನ ರಿಂಗ್ ರೋಡ್ ಮಾಡಿದ ಹಾಗೆ. ಅದು ಅರ್ಧಕ್ಕೆ ನಿಂತರೆ ರಕ್ತ ಸಾಲೋದಿಲ್ಲ, ಮಾಸಿಗೆ ಏಟು ಬೀಳುತ್ತೆ. ಏಟು ಬಿದ್ದ ಮಾಸು ಪಿಎಲ್‌ಜಿಎಫ್ ಕಡಿಮೆ ಮಾಡುತ್ತೆ, ಅದರ ವೈರಿಯಾದ ಎಸ್‌ಫ್ಲಿಟ್-1 ಜಾಸ್ತಿ ಬಿಡುತ್ತೆ. ಈ ಎಸ್‌ಫ್ಲಿಟ್-1 ರಕ್ತದಲ್ಲಿ ಬಲೆ ಬೀಸಿ ಇದ್ದಬದ್ದ ಪಿಎಲ್‌ಜಿಎಫ್ಅನ್ನೂ ಹಿಡಿದುಬಿಡುತ್ತೆ. 2003ರಲ್ಲಿ ಇದನ್ನ ತೋರಿಸಿದ ತಂಡದ ಮುಖ್ಯಸ್ಥ ಅನಂತ್ ಕರುಮಂಚಿ, ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಓದಿ ಬಾಸ್ಟನ್‌ಗೆ ಹೋದವರು.

ಅವರು ಹುಡುಕ್ತಿದ್ದದ್ದು ಪ್ರಿ-ಎಕ್ಲಾಂಪ್ಸಿಯಾಗೆ ಕಾರಣ, ಅಂದರೆ ಬಸಿರಿನಲ್ಲಿ ಬಿಪಿ ಏರಿ ಕಿಡ್ನಿ, ಲಿವರ್‌ಗೆಲ್ಲ ತೊಂದರೆ ಆಗೋ ಕಾಯಿಲೆ. ಬೆಳವಣಿಗೆ ನಿಂತ ಮಗು ಮತ್ತು ತಾಯಿಯ ಏರಿದ ಬಿಪಿ ಬಹಳ ಸಲ ಒಂದೇ ಬೇರಿನ ಎರಡು ಕೊಂಬೆ. ಎರಡರ ಅನುಪಾತ 38 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಮುಂದಿನ ಒಂದು ವಾರ ಪ್ರಿ-ಎಕ್ಲಾಂಪ್ಸಿಯಾ ಬರೋ ಸಾಧ್ಯತೆ ತೀರಾ ಕಡಿಮೆ ಅಂತ 2016ರ ಒಂದು ದೊಡ್ಡ ಅಧ್ಯಯನ ತೋರಿಸಿತು. ಬ್ರಿಟನ್‌ನಲ್ಲಿ ಈ ಪರೀಕ್ಷೆ ಬಳಕೆಗೆ ಬಂತು, ಅಮೆರಿಕದಲ್ಲಿ 2023ರಲ್ಲಿ ಒಪ್ಪಿಗೆ ಸಿಕ್ಕಿತು. ಮಗುವಿನ ವಿಷಯಕ್ಕೆ ಬಂದರೆ ಇದರ ಬೆಲೆ ನಾನು ಆಗಲೇ ಹೇಳಿದ ಭತ್ತದ ಪ್ರಶ್ನೆಯಲ್ಲಿದೆ. ಸ್ಕ್ಯಾನ್‌ನಲ್ಲಿ ಮಗು ಸಣ್ಣ ಕಾಣ್ತಿದೆ, ಪಿಎಲ್‌ಜಿಎಫ್ ಚೆನ್ನಾಗಿದೆ ಅಂದರೆ ಗಿಡ್ಡ ತಳಿ ಇರಬಹುದು. ಮಗುವೂ ಸಣ್ಣ, ಪಿಎಲ್‌ಜಿಎಫ್ ಕೂಡ ನೆಲ ಕಚ್ಚಿದೆ ಅಂದರೆ ಕಾಲುವೆಯದೇ ತೊಂದರೆ. ಆದರೆ ಇದು ಸ್ಕ್ಯಾನ್‌ಗೆ ಜೊತೆಗಾರ, ಸ್ಕ್ಯಾನ್ ಬದಲಿಗೆ ಬರೋದಲ್ಲ. ನಮ್ಮಲ್ಲಿ ದೊಡ್ಡ ಊರುಗಳ ದೊಡ್ಡ ಲ್ಯಾಬ್‌ಗಳಲ್ಲಿ ಸಿಗುತ್ತೆ, ತಾಲೂಕು ಆಸ್ಪತ್ರೆಯಲ್ಲಿ ನಿರೀಕ್ಷೆ ಮಾಡಬೇಡಿ.

ಇಷ್ಟೆಲ್ಲ ಯಾಕೆ, ಸಣ್ಣ ಹುಟ್ಟಿದರೆ ಆಮೇಲೆ ಚೆನ್ನಾಗಿ ತಿನ್ನಿಸಿದರಾಯ್ತಲ್ಲ ಅನ್ನೋರಿಗೆ ಮೈಸೂರಿನ ಒಂದು ಕಥೆ. ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಮೈಸೂರಿನವರ ಬಾಯಲ್ಲಿ ಮಿಷನ್ ಆಸ್ಪತ್ರೆ. ಅಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಎಲ್ಲ ಲೆಡ್ಜರಿನಲ್ಲಿ ಬರೆದಿಟ್ಟಿದ್ದರು. ಇಂಗ್ಲೆಂಡಿನ ಡೇವಿಡ್ ಬಾರ್ಕರ್ ತಂಡ ಮತ್ತು ಮೈಸೂರಿನ ಡಾಕ್ಟರುಗಳು 1990ರ ದಶಕದಲ್ಲಿ ಆ ಲೆಡ್ಜರ್ ಹಿಡಿದು, 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ ಇನ್ನೂ ಊರಲ್ಲೇ ಇದ್ದ 517 ಜನರನ್ನ ಹುಡುಕಿ ಪರೀಕ್ಷೆ ಮಾಡಿದರು. ಫಲಿತಾಂಶ 1996ರಲ್ಲಿ 'ಲ್ಯಾನ್ಸೆಟ್'ನಲ್ಲಿ ಬಂತು. ಎರಡೂವರೆ ಕಿಲೋ ಅಥವಾ ಕಡಿಮೆ ತೂಕಕ್ಕೆ ಹುಟ್ಟಿದ್ದವರಿಗೆ ಹೃದಯದ ರಕ್ತನಾಳದ ಕಾಯಿಲೆ ನೂರಕ್ಕೆ 11. ಮೂರು ಕಿಲೋ ಮೇಲೆ ಹುಟ್ಟಿದವರಿಗೆ ನೂರಕ್ಕೆ 3. ಯಾವುದೋ ನರ್ಸ್ ಹೆರಿಗೆ ಕೋಣೆಯಲ್ಲಿ ಬರೆದಿಟ್ಟ ಒಂದು ಅಂಕಿ ಅರ್ಧ ಶತಮಾನ ಆದಮೇಲೆ ಹೃದಯದ ಬಗ್ಗೆ ಮಾತಾಡ್ತು. ಇವತ್ತಿಗೂ ನಮ್ಮ ದೇಶದಲ್ಲಿ ತೂಕ ದಾಖಲಾದ ಮಕ್ಕಳಲ್ಲಿ ನೂರಕ್ಕೆ ಸುಮಾರು 18 ಮಕ್ಕಳು ಎರಡೂವರೆ ಕಿಲೋಗಿಂತ ಕಡಿಮೆ ಹುಟ್ತಾರೆ.

ಹಾಗಾದರೆ ಔಷಧಿ? ಇದು ಕಷ್ಟದ ಭಾಗ. ಬೆಳವಣಿಗೆ ನಿಂತ ಮಗುವನ್ನ ಒಳಗೇ ಮತ್ತೆ ಬೆಳೆಸೋ ಮಾತ್ರೆ ಇಲ್ಲ. ಸಿಲ್ಡೆನಾಫಿಲ್, ಅಂದರೆ ವಯಾಗ್ರಾದಲ್ಲಿರೋ ಔಷಧಿ, ರಕ್ತನಾಳ ಹಿಗ್ಗಿಸುತ್ತೆ ಅಂತ ಅದನ್ನ ಇಂಥ ತಾಯಂದಿರಿಗೆ ಕೊಟ್ಟು ನೋಡಿದರು. ಬ್ರಿಟನ್‌ನಲ್ಲಿ ಪ್ರಯೋಜನ ಕಾಣಲಿಲ್ಲ. ನೆದರ್‌ಲೆಂಡ್ಸ್‌ನಲ್ಲಿ ಔಷಧಿ ಪಡೆದ ಗುಂಪಿನ ಶಿಶುಗಳಲ್ಲಿ ಶ್ವಾಸಕೋಶದ ತೊಂದರೆ, ಸಾವು ಕಂಡು 2018ರ ಜುಲೈನಲ್ಲಿ ಪ್ರಯೋಗವನ್ನೇ ನಿಲ್ಲಿಸಿದರು. 'ಏನಾದರೂ ಕೊಡಿ ಡಾಕ್ಟ್ರೇ' ಅಂತ ನಾವು ಒತ್ತಾಯ ಮಾಡ್ತೀವಲ್ಲ, ಆಗ ಇದು ನೆನಪಿರಲಿ.

ಇರೋ ದಾರಿಗಳು ಇವು. ಅಪಾಯ ಹೆಚ್ಚಿದೆ ಅಂತ ಮೊದಲೇ ಗೊತ್ತಾದವರಿಗೆ 16 ವಾರದೊಳಗೆ ರಾತ್ರಿ ಹೊತ್ತು ಕಡಿಮೆ ಡೋಸ್ ಆಸ್ಪಿರಿನ್ ಶುರು ಮಾಡ್ತಾರೆ. ಬೇಗ ಬರೋ ಪ್ರಿ-ಎಕ್ಲಾಂಪ್ಸಿಯಾವನ್ನ ಇದು ಅರ್ಧಕ್ಕಿಂತ ಹೆಚ್ಚು ತಗ್ಗಿಸುತ್ತೆ ಅಂತ 2017ರ ಒಂದು ಪ್ರಯೋಗ ತೋರಿಸಿದೆ. ಆದರೆ ಡಾಕ್ಟರ್ ಬರೆದುಕೊಟ್ಟರೆ ಮಾತ್ರ, ಮೆಡಿಕಲ್ ಶಾಪ್‌ನಲ್ಲಿ ನೀವೇ ಕೇಳಿ ತಗೊಳ್ಳೋದಲ್ಲ. ತಾಯಿಯೇ ತೂಕ ಕಡಿಮೆ ಇದ್ದರೆ ಪೌಷ್ಟಿಕ ಊಟ ನಿಜಕ್ಕೂ ಕೆಲಸಕ್ಕೆ ಬರುತ್ತೆ. ಅಂಗನವಾಡಿಯ ಮಾತೃಪೂರ್ಣ ಊಟ ಇರೋದು ಅದಕ್ಕೇ. ಆದರೆ ಚೆನ್ನಾಗಿ ಉಂಡು ತಿಂದು ಇರೋ ತಾಯಿಯ ಮಾಸಿನ ರಕ್ತನಾಳ ಕಿರಿದಾಗಿದ್ದರೆ, ಡಬ್ಬಿಗಟ್ಟಲೆ ಪ್ರೋಟೀನ್ ಪೌಡರ್ ಕುಡಿದರೂ ಅದು ಅಗಲ ಆಗೋದಿಲ್ಲ. ಪೂರ್ತಿ ಹಾಸಿಗೆಯಲ್ಲಿ ಮಲಗಿದರೆ ಮಗು ಬೆಳೆಯುತ್ತೆ ಅನ್ನೋದಕ್ಕೂ ಪುರಾವೆ ಇಲ್ಲ. ಇನ್ನೊಂದು ಮಾತು, ಇದು ಅತ್ತೆ ಮಾವನಿಗೂ ಕೇಳಲಿ: ಸೊಸೆ ಸರಿಯಾಗಿ ಉಣ್ಣಲಿಲ್ಲ, ಅದಕ್ಕೇ ಹೀಗಾಯ್ತು ಅಂತ ಅನ್ನಬೇಡಿ. ಮಾಸು ಬೇರು ಬಿಡೋದು ಯಾರ ಕೈಯಲ್ಲೂ ಇಲ್ಲ.

ಉಳಿದದ್ದು ಸಮಯದ ಲೆಕ್ಕ. ಹೊಕ್ಕುಳಬಳ್ಳಿಯ ರಕ್ತದ ಹರಿವನ್ನ ಡಾಪ್ಲರ್‌ನಲ್ಲಿ ನೋಡ್ತಾ, ಒಳಗಿರೋದು ಕ್ಷೇಮವೋ ಹೊರಗೆ ಬರೋದು ಕ್ಷೇಮವೋ ಅಂತ ಡಾಕ್ಟರು ತೂಗ್ತಾರೆ. ಅವಧಿಗೆ ಮೊದಲೇ ಹೊರಗೆ ತರಬೇಕಾದರೆ ಮಗುವಿನ ಶ್ವಾಸಕೋಶ ಗಟ್ಟಿಯಾಗಲಿ ಅಂತ ತಾಯಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡ್ತಾರೆ, ಎನ್‌ಐಸಿಯು ಇರೋ ಕಡೆ ಕಳಿಸ್ತಾರೆ. ಈ ತೂಗೋ ಕೆಲಸ ಆಗಬೇಕಾದರೆ, ಮೊದಲು ಮಗು ಹಿಂದೆ ಬೀಳ್ತಿದೆ ಅಂತ ಗೊತ್ತಾಗಬೇಕಲ್ಲ? ಕೇಂಬ್ರಿಜ್‌ನಲ್ಲಿ 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಡಾಕ್ಟರಿಗೆ ಅನುಮಾನ ಬಂದಾಗ ಮಾತ್ರ ಸ್ಕ್ಯಾನ್ ಮಾಡಿದರೆ ನೂರು ಸಣ್ಣ ಮಕ್ಕಳಲ್ಲಿ 20 ಪತ್ತೆಯಾಗ್ತಿದ್ದವು. ಕೊನೆಯ ಮೂರು ತಿಂಗಳಲ್ಲಿ ಎಲ್ಲರಿಗೂ ಸ್ಕ್ಯಾನ್ ಮಾಡಿದಾಗ 57.

ನಮ್ಮ ಕಡೆ ಇದಕ್ಕೊಂದು ವಿಶೇಷ ತೊಡಕಿದೆ. ಏಳನೇ ತಿಂಗಳು ಸೀಮಂತ ಆಗುತ್ತೆ, ಮಗಳು ತವರಿಗೆ ಹೋಗ್ತಾಳೆ. ಬೆಂಗಳೂರಿನಲ್ಲಿ ಮಾಡಿಸಿದ ಡಬಲ್ ಮಾರ್ಕರ್ ರಿಪೋರ್ಟ್ ಬಾಡಿಗೆ ಮನೆಯ ಬೀರುವಿನಲ್ಲೇ ಉಳಿಯುತ್ತೆ. ಹಾಸನದಲ್ಲೋ ಕೊಪ್ಪಳದಲ್ಲೋ ಹೊಸ ಡಾಕ್ಟರ್ ಮುಂದೆ ಕೂತಾಗ ಕೈಯಲ್ಲಿರೋದು ಕೊನೆಯ ಒಂದು ಸ್ಕ್ಯಾನ್. ಬೆಳವಣಿಗೆ ಅನ್ನೋದು ಒಂದು ಚುಕ್ಕಿಯಲ್ಲಿ ಕಾಣೋದಿಲ್ಲ, ಎರಡು ಮೂರು ಚುಕ್ಕಿ ಸೇರಿಸಿ ಗೆರೆ ಎಳೆದರೆ ಕಾಣುತ್ತೆ. ನೂರರಲ್ಲಿ ಅರವತ್ತನೇ ಜಾಗದಲ್ಲಿದ್ದ ಮಗು ಹದಿನೈದಕ್ಕೆ ಜಾರಿದರೆ, ಆ ಒಂದು ಸ್ಕ್ಯಾನ್ ಮಾತ್ರ ನೋಡಿದವರಿಗೆ ಎಲ್ಲ ಸರಿ ಇದೆ ಅನ್ನಿಸುತ್ತೆ. ಜಾರಿದ್ದು ಕಾಣೋದೇ ಇಲ್ಲ.

ಅದಕ್ಕೆ, ಈ ಎಪಿಸೋಡ್ ಮುಗಿದ ಕೂಡಲೇ ಫೋನ್‌ನಲ್ಲಿ ಒಂದು ಫೋಲ್ಡರ್ ಮಾಡಿ. ಹೆರಿಗೆ ದಿನಾಂಕ ಗೊತ್ತು ಮಾಡಿದ ಮೊದಲ ಸ್ಕ್ಯಾನ್, ಡಬಲ್ ಮಾರ್ಕರ್ ರಿಪೋರ್ಟಿನ ಎಲ್ಲ ಪುಟ, ಐದನೇ ತಿಂಗಳ ಅನಾಮಲಿ ಸ್ಕ್ಯಾನ್, ಆಮೇಲಿನ ಪ್ರತಿ ಗ್ರೋತ್ ಸ್ಕ್ಯಾನ್, ತಾಯಿ ಕಾರ್ಡಿನಲ್ಲಿ ಬಿಪಿ ಮತ್ತು ತೂಕ ಬರೆದ ಪುಟ. ಗಂಡನ ಫೋನಲ್ಲೂ ಇರಲಿ, ತವರಿನಲ್ಲಿ ಒಬ್ಬರ ಫೋನಲ್ಲೂ ಇರಲಿ. ಹೊಸ ಡಾಕ್ಟರಿಗೆ ಮೊದಲ ಭೇಟಿಯಲ್ಲೇ ತೋರಿಸಿ. ಮಗುವಿನ ಓಡಾಟ ಎಂದಿನಂತೆ ಇಲ್ಲ, ಕಡಿಮೆಯಾಗಿದೆ ಅನ್ನಿಸಿದರೆ ಮಾತ್ರ ಯಾವ ಫೋಲ್ಡರೂ ಬೇಡ, ನಾಳೆ ನೋಡೋಣ ಅನ್ನೋದೂ ಬೇಡ. ಅವತ್ತೇ, ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೋಗಿ.

ನಿಮ್ಮ ರಿಪೋರ್ಟಿನಲ್ಲಿ ಅರ್ಥವಾಗದ ಸಾಲುಗಳಿದ್ದರೆ ಹೆಸರು ಮುಚ್ಚಿ, ಆ ಸಾಲು ಮಾತ್ರ ಬರೆದು ಕಳಿಸಿ. ಮುಂದಿನ ಕಂತಿನಲ್ಲಿ ಥೈರಾಯ್ಡ್ ಮತ್ತು ಬಸಿರು.